ಹಡಗಿನ್ಯಾಗ ಬುತ್ತಿ

ಅಲಾಸ್ಕಾಕ್ಕ ಹೋಗಿ ಬಂದಮ್ಯಾಲೆ ಎಲ್ಲಾರೂ ಹಿಮನದಿ ಹ್ಯಾಂಗಿತ್ತು, ತಿಮಿಂಗಿಲ ಕಂಡ್ತೇನು ಅಂತ ಕೇಳ್ತಾರ ಅಂತ ನಾ ಫೋಟೋ ಸುದ್ಧಾ ಆರಿಸಿ ಇಟ್ಟಿದ್ದೆ. ಆದ್ರ ನಮ್ಮ ಓಣ್ಯಾಗಿನ ಕಾಕೂಗಳಿಂದ ಹಿಡದು ಹುಬ್ಬಳ್ಳಿ ಮೌಶಿ ತನಕ ಎಲ್ಲಾರದೂ ಮೊದಲನೇ ಪ್ರಶ್ನಿ ಒಂದ ಇತ್ತು. "ಏಳ ದಿನಾ ನೀರಿನ ಮ್ಯಾಲೆ! ನಿಮ್ಮ ಅತ್ತಿಯವರಿಗೆ ಊಟಕ್ಕ ಏನ ಮಾಡಿದಿ?" ಪ್ರಶ್ನಿ ಸರಿಯಾಗೇ ಅದ ಬಿಡ್ರಿ. ಹಂಗಾಗಿ ಇವತ್ತ ಹಿಮದ ಸುದ್ದಿ ಇಲ್ಲ, ತಾಟಿನ ಸುದ್ದಿ.

ನಮ್ಮ ಅತ್ತಿಯವರಿಗೆ ಈಗ 78. ಇಪ್ಪತ್ತ ವರ್ಷದಿಂದ ಸಕ್ರಿ ರೋಗ, ಮುಂಜಾನೆ ಸಂಜಿ ಎರಡೂ ಹೊತ್ತು ಇನ್ಸುಲಿನ್. ಚುಚ್ಚಿಕೊಂಡ ಅರ್ಧಾ ತಾಸಿನ್ಯಾಗ ಹೊಟ್ಟಿಗೆ ಏನರೆ ಬೀಳಲೇಬೇಕು. ಅದರ ಜೋಡಿ ಮೊಣಕಾಲ ಬ್ಯಾನಿ ಬ್ಯಾರೆ. ಮಗಳು ಸಿಯಾಟಲ್‌ನ್ಯಾಗ ಇರ್ತಾಳ, "ಅಜ್ಜಿನೂ ಬರಬೇಕು" ಅಂತ ಹಟಾ ಹಿಡದು ಅಕಿನ ಎಲ್ಲಾ ಬುಕ್ ಮಾಡಿದ್ದು. ಹಡಗಂತೂ ಒಂದ ಸಣ್ಣ ಊರ ಇದ್ದಂಗ. ನಮ್ಮ ರೂಮು ಆರನೇ ಅಂತಸ್ತಿನ್ಯಾಗ ಹಿಂದಿನ ತುದಿಗೆ, ಬಫೆ ಊಟ ಹದಿನಾಲ್ಕನೇ ಅಂತಸ್ತಿನ್ಯಾಗ. ನಡುವ ಉದ್ದಾನುದ್ದ ಪಡಸಾಲಿ, ಆಮ್ಯಾಲೆ ಲಿಫ್ಟಿನ ಮುಂದ ಪಾಳಿ. ಮುಂಜಾನೆ ಎದ್ದ ಕೂಡಲೆ ಅತ್ತಿಯವರನ್ನ ಅಷ್ಟ ದೂರ ನಡಸಿಕೊಂಡು ಹೋಗಿ ತಿನಿಸೂದು ಆಗೂ ಮಾತಲ್ಲ. ಅವರಂತೂ ಸ್ನಾನ, ಜಪಾ ಆಗದ ಹೊರಗ ಕಾಲ ಇಡೂದಿಲ್ಲ.

ಹಿಂಗಾಗಿ ನಾ ಮೊದಲನೇ ದಿನಾನ ಒಂದ ತಾಟಿನ್ಯಾಗ ಎರಡ ಬ್ರೆಡ್ಡು, ಒಂದ ಬಾಳೇಹಣ್ಣು, ಬೇಯಿಸಿದ ಆಲೂಗಡ್ಡಿ, ಒಂದ ವಾಟಗಾ ಹಾಲು ಇಟಗೊಂಡು ಲಿಫ್ಟಿಗೆ ಹೊಂಟೆ. ನಮ್ಮನಿಯವರು ಹತ್ತ ಹೆಜ್ಜಿ ದೂರನ ನಡದ್ರು. ನನ್ನ ಗುರ್ತ ಇಲ್ಲದವರ ಹಂಗ! "ಲಗ್ನದ ಮನ್ಯಾಗಿಂದ ಲಾಡು ಕಟಗೊಂಡ ಹೋದಂಗ ಆತು ನಿಂದು, ಮಂದಿ ಏನಂತಾರ" ಅಂದ್ರು. ನಾ ಅಂದೆ, "ಲಗ್ನದ ಮನ್ಯಾಗ ಬರಲಿಕ್ಕೆ ಆಗದವರಿಗೆ ಬುತ್ತಿ ಕಟ್ಟಿ ಕೊಟ್ಟ ಕಳಸೂದು ನಮ್ಮ ಪದ್ಧತಿನ ಅದ. ಅದರಾಗ ನಾಚೂದು ಏನದ?"

ಆದ್ರೂ ಒಂದ ಮಾತ ಕೇಳಿ ಇಡೂದು ಛೊಲೊ ಅಂತ ನಮ್ಮ ರೂಮ ಝಾಡಿಸೋ ಹುಡುಗನ್ನ ಕೇಳಿದೆ. ಕಾರವಾರದ ಕಡೆಯಂವ ಅಂವ. ನನ್ನ ಕನ್ನಡ ಕೇಳಿ ಮಾರಿ ಅರಳಿಸಿ ನಕ್ಕ. "ತಕ್ಕೊಂಡು ಹೋಗಿ ಅಕ್ಕಾ, ಎಲ್ಲಾರೂ ತಕ್ಕೊಂಡು ಹೋಗ್ತಾರೆ, ಯಾರೂ ಏನೂ ಹೇಳುದಿಲ್ಲ. ಖಾಲಿ ಪ್ಲೇಟು ರೂಮಲ್ಲೇ ಇಡಿ, ನಾ ತೆಗೀತೆ" ಅಂದ. ಖರೇನೂ ಅದ. ಸಾಮಾನ್ಯವಾಗಿ ಎಲ್ಲಾ ದೊಡ್ಡ ಹಡಗಿನ್ಯಾಗೂ ಬಫೆ ತಾಟು, ಚಹಾ, ಕಾಫಿ, ನೀರು ರೂಮಿಗೆ ಒಯ್ಯಬಹುದು. ಮುಂಜಾನಿ ನಾಷ್ಟಾ ಅಂತೂ ಭಾಳ ಹಡಗಿನ್ಯಾಗ ರೂಮಿಗೇ ಪುಕ್ಕಟ ಬರ್ತದ. ರಾತ್ರಿ ಮಲಗೂಕಿಂತ ಮೊದಲ ಒಂದ ಚೀಟಿ ಮ್ಯಾಲೆ ಏನೇನ ಬೇಕು, ಎಷ್ಟ ಗಂಟೇಕ್ಕ ಬೇಕು ಅಂತ ಗುರ್ತ ಹಾಕಿ ಬಾಗಲದ ಹಿಡಕಿಗೆ ತೂಗ ಹಾಕೂದು. ಈಗೀಗ ಕೆಲವು ಕಡೆ ಫೋನಿನ್ಯಾಗನ ಹೇಳಬೇಕಾಗ್ತದ. ಉಳದ ಹೊತ್ತಿನ್ಯಾಗ ತರಿಸಿದ್ರ ಕೆಲವರು ರೊಕ್ಕಾ ಹಚ್ತಾರ, ಆಮ್ಯಾಲೆ ಅರ್ಧಾ ಮುಕ್ಕಾಲ ತಾಸು ಕಾಯಬೇಕು. ಈ ಅರ್ಧಾ ಮುಕ್ಕಾಲ ತಾಸು ಅನ್ನೂದನ್ನ ನೆನಪ ಇಟ್ಟಗೋರಿ, ಮುಂದ ಬರ್ತದ.

ಎರಡ ಮಾತಿಗೆ ಮಾತ್ರ ಅವರು ಕಟ್ಟುನಿಟ್ಟು. ಒಂದು, ಬಫೆ ಸಾಲಿನ್ಯಾಗ ನಮ್ಮ ಡಬ್ಬಿ, ನಮ್ಮ ಬಾಟಲಿ ನಡಿಯೂದಿಲ್ಲ. ನೀರಿನ ನಳಕ್ಕ ನಮ್ಮ ಎಂಜಲ ಬಾಟಲಿ ಬಾಯಿ ಹಚ್ಚಿದ್ರ ಮುಂದಿನವರಿಗೆ ರೋಗ. ಗ್ಲಾಸಿನ್ಯಾಗ ಹಿಡದು ಆಮ್ಯಾಲೆ ಬಾಟಲಿಗೆ ಹಾಕ್ಕೋಬೇಕು. ನಮ್ಮ ಅತ್ತಿಯವರು ಇದನ್ನ ಕೇಳಿ ಭಾಳ ಖುಷಿ ಆದ್ರು. "ನೋಡು, ಅವರೂ ಎಂಜಲ ಮುಸುರಿ ನೋಡ್ತಾರ" ಅಂತ. ಇನ್ನೊಂದು, ಕೈ ತೊಳೀದ ಒಳಗ ಬಿಡೂದಿಲ್ಲ, ಬಾಗಲದಾಗ ಒಬ್ಬರು ನಿಂತ ಹೇಳ್ತಿರ್ತಾರ. ಯಾಕಂದ್ರ ಹಡಗಿನ್ಯಾಗ ನೊರೊವೈರಸ್ ಅಂತ ವಾಂತಿ-ಭೇದಿ ರೋಗ ಒಬ್ಬರಿಗೆ ಬಂತಂದ್ರ ನೂರ ಮಂದಿಗೆ ಹಬ್ಬಿದ್ದದ. ಇದಕ್ಕಂತ ಅಮೇರಿಕಾದ ಸಿಡಿಸಿಯವರು 1970ರ ದಶಕದಿಂದ ಹಡಗಿನ ಅಡಗಿಮನಿ ತಪಾಸಣಿ ಮಾಡ್ತಾರ. 100 ಮಾರ್ಕ್ಸು, 85 ಇಲ್ಲಾ ಅದಕ್ಕೂ ಕಡಿಮಿ ಬಂತಂದ್ರ ನಪಾಸು. ನಮ್ಮ ಹುಡುಗರ ಪರೀಕ್ಷಾಕ್ಕೂ ಇಷ್ಟ ಬಿಗಿ ಇಲ್ಲ.

ರೂಮಿಗೆ ಒಯ್ಯೂದು ಸುಲಭ, ಒಯ್ದಿದ್ದನ್ನ ಇಡೂದರಾಗ ಶಾಣ್ಯಾತನ ಬೇಕು. ರೂಮಿನ್ಯಾಗಿನ ಸಣ್ಣ ಫ್ರಿಜ್ಜು ಭಾಳ ಕಡೆ ನಮ್ಮ ಮನಿ ಫ್ರಿಜ್ಜಿನಷ್ಟು ಥಂಡ ಆಗೂದಿಲ್ಲ, ನೀರು ತಣ್ಣಗ ಇಡಲಿಕ್ಕೆ ಅಷ್ಟ. ಹಂಗಾಗಿ ಅನ್ನ, ಮೊಸರು, ಹೆಚ್ಚಿದ ಹಣ್ಣು, ಹಾಲು ಇವನ್ನ ನಾ ಆವಾಗಿಂದ ಆವಾಗನ ಮುಗಸ್ತಿದ್ದೆ. ರಾತ್ರಿಗೆ ಇಡೂದು ಬಾಳೇಹಣ್ಣು, ಇಡೀ ಸೇಬು, ಬ್ರೆಡ್ಡು, ಪಾಕೀಟಿನ್ಯಾಗಿನ ಬಿಸ್ಕೀಟು, ಚಹಾದ ಕಟ್ಟಿ ಮ್ಯಾಲೆ ಇಟ್ಟಿರ್ತಾರಲಾ, ಆ ಸಕ್ರಿ ಪುಡಿಕಿ. ಪುಡಿಕಿ ಅಂತೂ ನಾ ದಿನಾ ಏಳೆಂಟು ತರ್ತಿದ್ದೆ. ಇವರ ಮಾರಿ ಇನ್ನಷ್ಟ ಸಣ್ಣಾಗ್ತಿತ್ತು.

ಈಗ ಎರಡನೇ ರಾತ್ರಿ ಸುದ್ದಿ. ಸಿಯಾಟಲ್‌ನಿಂದ ಹೊಂಟ ಹಡಗು ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕ, ಅಂದ್ರ ಬಯಲ ಸಮುದ್ರದಾಗ ಹೋಗ್ತದ. ಆ ದಿನ ತೆರಿ ಜೋರ ಇದ್ವು. ಅದರ ಜೋಡಿ ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದ ತಾಸು ಹಿಂದ, ಹಡಗಿನ ಗಡಿಯಾರಾನೂ ಹಿಂದ ಸರಿಸಿದ್ರು. ನಾ ಇನ್ಸುಲಿನ್‌ಗೆ ಮಾತ್ರ ಹಳೇ ಹೊತ್ತ ಹಿಡಕೊಂಡು, ಊಟದ ಹಾಲಿನ್ಯಾಗ ಕೂತಮ್ಯಾಲೇ ಚುಚ್ಚಿಸಿದೆ. ಸೂಪು ಬಂತು. ಎರಡ ಚಮಚಾ ಕುಡದ್ರು ಅಷ್ಟ, "ತಲಿ ತಿರಗಲಿಕ್ಕತ್ತದ, ನಂಗ ಏನೂ ಬ್ಯಾಡ" ಅಂತ ಎದ್ದ ನಿಂತ್ರು. ಇನ್ಸುಲಿನ್ ಅಂತೂ ಒಳಗ ಹೋಗಿತ್ತು. ಬಡಸೋ ಹುಡುಗ ಲಗೂನ ಹಸರ ಸೇಬು, ಉಪ್ಪಿನ ಬಿಸ್ಕೀಟು ತಂದ ಕೊಟ್ಟ. ತೆರಿಗೆ ಹೊಟ್ಟಿ ತೊಳಸಿದವರಿಗೆ ಹಡಗಿನವರ ಔಷಧ ಅದು. ರೂಮಿಗೆ ಕರಕೊಂಡು ಹೋಗಿ ತಾಸಿಗೊಮ್ಮೆ ಒಂದೊಂದ ಚೂರು ತಿನಿಸಿದೆ. ಬಾಳೇಹಣ್ಣು ಅರ್ಧಾ ತಿಂದ್ರು. ಮಲಗೂ ಮುಂದ ಶುಗರ್ 118 ಇತ್ತು. ನಾ ಎರಡಕ್ಕ ಅಲಾರಾಂ ಇಟ್ಟೆ.

ಎರಡಕ್ಕ ಎದ್ದ ನೋಡಿದ್ರ ಅತ್ತಿಯವರ ಸೀರಿ ಬೆವರಿಗೆ ಒದ್ದಿ. ಕೈ ನಡಗಲಿಕ್ಕತ್ತಿದ್ವು. ನನ್ನ ಮಾರಿ ನೋಡಿ ತೀರಿಹೋದ ತಮ್ಮ ತಂಗಿ ಹೆಸರ ಹಿಡದು ಕರದ್ರು. ನನ್ನ ಎದಿ ಧಸಕ್ ಅಂತು. ಮಷೀನಿನ್ಯಾಗ 54. ಎಚ್ಚರ ಇತ್ತು, ನುಂಗತಿದ್ರು, ಅದೊಂದ ಪುಣ್ಯಾ. ನಾಕು ಸಕ್ರಿ ಪುಡಿಕಿ ಅರ್ಧಾ ಗ್ಲಾಸ್ ನೀರಿನ್ಯಾಗ ಕಲಸಿ ಗುಟುಕು ಗುಟುಕು ಕುಡಿಸಿದೆ. 15 ಗ್ರಾಂ ಸಕ್ರಿ, 15 ನಿಮಿಷಾ ಕಾಯೂದು, ತಿರುಗಿ ನೋಡೂದು, ಇದು ನಮ್ಮ ಧಾರವಾಡದ ಡಾಕ್ಟರು ನಂಗ ಬಾಯಿಪಾಠ ಮಾಡಿಸಿದ್ದು. ಇವರು ಅಷ್ಟರಾಗ ಎದ್ದು ದವಾಖಾನಿಗೆ ಫೋನ ಹಚ್ಚಿದ್ರು. ನರ್ಸು, "ಮಾಡಿದ್ದು ಬರೋಬ್ಬರಿ ಅದ, ಹದಿನೈದ ನಿಮಿಷಕ್ಕ ಎಷ್ಟ ಬಂತು ಹೇಳ್ರಿ, 70ರ ಮ್ಯಾಲೆ ಬರಲಿಲ್ಲಂದ್ರ ನಾವ ಬರ್ತೇವಿ" ಅಂದ್ಲು. ಆ ಹದಿನೈದ ನಿಮಿಷದಷ್ಟು ಉದ್ದ ನಮ್ಮ ಪ್ರವಾಸದಾಗ ಯಾವ ದಿನಾನೂ ಇರಲಿಲ್ಲ. ಇವರು ಅವ್ವನ ಅಂಗಾಲ ತಿಕ್ಕೊತ ಕೂತಿದ್ರು. 76 ಬಂತು. ಆಮ್ಯಾಲೆ ಬ್ರೆಡ್ಡು, ಉಳದ ಅರ್ಧಾ ಬಾಳೇಹಣ್ಣು ತಿನಿಸಿದ್ವಿ. ಮೂರಕ್ಕ 112. ಅತ್ತಿಯವರು ಕಣ್ಣ ತಗದು, "ಇಷ್ಟ ರಾತ್ರ್ಯಾಗ ದೀಪಾ ಯಾಕ ಹಚ್ಚೀರಿ?" ಅಂತ ನಮಗ ಬೈದ್ರು.

ಮರುದಿನ ಮುಂಜಾನೆ ಎಂಟಕ್ಕ ನಮ್ಮನಿಯವರು ತಾವಾಗೇ ಮ್ಯಾಲೆ ಹೋಗಿ ಎರಡೂ ಕೈಯಾಗ ಎರಡ ತಾಟು ಹಿಡಕೊಂಡು ಬಂದ್ರು. ಲಿಫ್ಟಿನ್ಯಾಗ ಯಾರೋ ಗೋರಿ ಅಜ್ಜಿ "ಹೆಂಡ್ತಿಗೇನು?" ಅಂತ ಕೇಳಿದ್ಲಂತ, ಇವರು "ನಮ್ಮವ್ವಗ" ಅಂದ್ರಂತ. ಎರಡನೇ ತಾಟಿನ್ಯಾಗ ಮಾತ್ರ ಬರೇ ಕೇಕಿನ ತುಂಡ ಇದ್ವು. ಅವು ಯಾರಿಗಂತ ನಾ ಕೇಳಲಿಲ್ಲ.

ನೀವೂ ಹೋಗೋರ ಇದ್ರ ಇನ್ನ ನಾಕು ಮಾತು. ಇನ್ಸುಲಿನ್, ಮಷೀನು ಕೈಚೀಲದಾಗ ಇರಲಿ, ದೊಡ್ಡ ಬ್ಯಾಗು ರೂಮಿಗೆ ಬರೂದು ಸಂಜಿ ಆಗ್ತದ. ಮನ್ಯಾಗ ಮಾಡಿದ ಚಪಾತಿ, ಪಲ್ಯಾ ಹತ್ತಿಸಿಕೊಳ್ಳೂದಿಲ್ಲ, ಅಂಗಡಿ ಸೀಲ್ ಇದ್ದ ಪಾಕೀಟು ನಡೀತದ. ಚಟ್ನಿಪುಡಿ ನಾ ಹಂಗ ಒಯ್ದೆ, ಆಲೂಗಡ್ಡಿಗೆ ಅದ ಜೀವಾ. ಕರೆಂಟಿನ ಕೆಟ್ಲಿ, ಕುಕ್ಕರು ಒಯ್ಯಲೇಬ್ಯಾಡ್ರಿ, ಹಡಗಿನ್ಯಾಗ ಬೆಂಕಿ ಅಂದ್ರ ಓಡಲಿಕ್ಕೆ ಜಾಗಾ ಇಲ್ಲ. ನಮ್ಮ ಮುಂದ ಪಾಳಿಯಾಗ ನಿಂತ ಒಂದ ಗುಜರಾತಿ ಕುಟುಂಬದ್ದು ಕೆಟ್ಲಿ ತಗದ ಇಟ್ಟಗೊಂಡು ಚೀಟಿ ಕೊಟ್ರು, ಕಡೀ ದಿನಾ ವಾಪಸ ಕೊಡ್ತಾರ. ಬೀರು-ವೈನಿನ ಲೆಕ್ಕಾ ನಮ್ಮ ಅಳಿಯಗ ಗೊತ್ತು. ನಂಗ ತಿಳದಿದ್ದು ಇಷ್ಟ, ಒಬ್ಬರು ತೊಗೊಂಡ ಪ್ಯಾಕೇಜಿನ್ಯಾಗ ಇನ್ನೊಬ್ಬರಿಗೆ ಹಂಚೂಹಂಗಿಲ್ಲ.

ಹಡಗಿನ ಹಣ್ಣು ದಂಡಿಗೆ ಇಳಸೂಹಂಗೂ ಇಲ್ಲ. ಕೆನಡಾದ ವಿಕ್ಟೋರಿಯಾದಾಗೂ ಅಷ್ಟ, ತಿರುಗಿ ಸಿಯಾಟಲ್‌ನ್ಯಾಗೂ ಅಷ್ಟ. ಮೂಸಿ ನೋಡೋ ನಾಯಿ ಇರ್ತಾವ, ಹೇಳದ ಒಯ್ದ್ರ ದಂಡಾ. ಇಳಿಯೋ ಮುಂಜಾನೆ ಇದನ್ನ ಹೇಳಿದ ಕೂಡಲೆ ಅತ್ತಿಯವರು ತಮ್ಮ ಪಿಶವಿಯಿಂದ ಒಂದ ಬಾಳೇಹಣ್ಣು ತಗದು, ಲಿಫ್ಟಿನ ಮುಂದನ ನಿಂತ ಸಾವಕಾಶ ತಿಂದು, ಸಿಪ್ಪಿ ಮಗನ ಕೈಯಾಗ ಕೊಟ್ರು.