ಕೊಳಕೂರದ ರೊಟ್ಟಿ, ಕೊರಿಯದ ಕೋಸು

ಜೋಳದ ರೊಟ್ಟಿಗೆ ತನ್ನದೇ ಆದ ಒಂದು ಹಟವುಂಟು. ಗೋಧಿಯ ಕಣಕದಂತೆ ಅದು ಹೇಳಿದ ಮಾತು ಕೇಳುವುದಿಲ್ಲ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಆದುದರಿಂದ ಕುದಿಯುವ ಎಸರು ಹೊಯ್ದು, ಹಿಟ್ಟು ಬೆಚ್ಚಗಿರುವಾಗಲೇ ಅಂಗೈಯ ಬುಡದಿಂದ ನಾದಿ, ಲಟ್ಟಣಿಗೆಯ ಹಂಗಿಲ್ಲದೆ ಕೈಯಿಂದಲೇ ಬಡಿಯಬೇಕು. ಬೀಸಿ ಬಹಳ ದಿನವಾದ ಹಿಟ್ಟಾದರೆ ಜಿಗಿ ಹೋಗಿ ಅಂಚು ಬಿರಿಯುತ್ತದೆ. ಜೇವರ್ಗಿ ತಾಲ್ಲೂಕಿನ ಕೊಳಕೂರದಲ್ಲಿ ಇದನ್ನು ಯಾರಿಗೂ ಬಾಯಿಬಿಟ್ಟು ಹೇಳಬೇಕಾದುದಿಲ್ಲ. ಆದರೆ ಆ ಊರಿನ ಒಬ್ಬ ತಾಯಿ ಮಗನ ಮನೆಯೆಂದು ಆರು ತಿಂಗಳ ಮಟ್ಟಿಗೆ ಅಮೆರಿಕದ ಷಿಕಾಗೋ ನಗರದ ಹೊರವಲಯಕ್ಕೆ ಹೋದಾಗ, ಅಲ್ಲಿ ಮೊಟ್ಟಮೊದಲು ಬಿರಿದದ್ದು ರೊಟ್ಟಿಯ ಅಂಚೇ.

ಮಗ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದಿ ಸಮುದ್ರ ದಾಟಿದವನು. 1965ರಲ್ಲಿ ಅಮೆರಿಕವು ತನ್ನ ವಲಸೆಯ ಕಾನೂನನ್ನು ಸಡಿಲಿಸಿದ ಮೇಲೆ ಆ ದಾರಿಯಲ್ಲಿ ಹೋದ ಕನ್ನಡಿಗರು ಅಸಂಖ್ಯ. ಹೋದವರು ಹೋದಲ್ಲೆಲ್ಲ ಕನ್ನಡ ಕೂಟಗಳನ್ನು ಕಟ್ಟಿದರು. 1998ರಲ್ಲಿ ಆ ಕೂಟಗಳ ಒಕ್ಕೂಟವಾಗಿ 'ಅಕ್ಕ' ಹುಟ್ಟಿತು. ಯುಗಾದಿಗೆ ಬೇವುಬೆಲ್ಲ, ನವೆಂಬರಿನಲ್ಲಿ ರಾಜ್ಯೋತ್ಸವ, ಎಲ್ಲವೂ ಅಲ್ಲಿ ಉಂಟು. ಇಷ್ಟಾದರೂ ಈ ಮಗನ ಮನಸ್ಸಿನಲ್ಲಿ ಒಂದು ಮಾತು ಮುಳ್ಳಿನಂತೆ ಕುಳಿತಿತ್ತು. ತಂದೆ ತೀರಿಹೋದ ಮೇಲೆ ಪಾಲಿಗೆ ಕೊಟ್ಟಿದ್ದ ಊರಿನ ನಾಲ್ಕೆಕರೆ ಎರೆಹೊಲವನ್ನು ಮಾರಿಬಿಡಬೇಕೆಂಬುದು ಅವನ ಎಣಿಕೆ. ತಾಯಿ ಬಂದಾಗ ಸಮಾಧಾನದಿಂದ ಹೇಳಿದರಾಯಿತೆಂದು ಕಾದಿದ್ದನು.

ಅಮೆರಿಕದಲ್ಲಿ ಜೋಳಕ್ಕೆ ಬರವೆಂದು ತಿಳಿಯಬಾರದು. ಜಗತ್ತಿನಲ್ಲಿ ಹೆಚ್ಚು ಜೋಳ ಬೆಳೆಯುವ ದೇಶಗಳಲ್ಲಿ ಅದು ಅಗ್ರಗಣ್ಯ. ಅಲ್ಲಿನ ಕ್ಯಾನ್ಸಸ್ ಸೀಮೆಯ ಹೊಲಗಳಲ್ಲಿ ಕಣ್ಣು ಹರಿಯುವಷ್ಟು ದೂರ ತೆನೆಗಳು ತೂಗುತ್ತವೆ. ಆದರೆ ಆ ಬೆಳೆಯ ಬಹುಪಾಲು ಹೋಗುವುದು ದನಕೋಳಿಗಳ ಮೇವಿಗೆ, ಇಲ್ಲವೇ ಮೋಟಾರಿನ ಇಂಧನಕ್ಕಾಗಿ ಬಟ್ಟಿಯಿಳಿಸುವ ಮದ್ಯಸಾರಕ್ಕೆ. ಮಗ ಇದನ್ನು ವಿವರಿಸಿದಾಗ ತಾಯಿ ಕ್ಷಣಹೊತ್ತು ಸುಮ್ಮನಿದ್ದು, "ಹಂಗಾದ್ರ ಈ ದೇಶದಾಗ ದನಾನೇ ಶಾಣ್ಯಾ ಅದಾವ" ಎಂದಳು.

ಮೂರನೆಯ ದಿನ ಆಕೆ ಬಿಸಿ ಹಂಚಿನ ಮೇಲೆ ರೊಟ್ಟಿ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿದಳು. ಒಣಹಿಟ್ಟು ಹೊತ್ತಿ ಎದ್ದ ಹೊಗೆಗೆ ಛಾವಣಿಯಲ್ಲಿದ್ದ ಪುಟ್ಟ ಯಂತ್ರವೊಂದು ಕಿವಿ ಕಿತ್ತುಹೋಗುವಂತೆ ಕಿರುಚತೊಡಗಿತು. ಬೆಂಕಿಯ ಸುಳಿವು ಹೇಳುವ ಯಂತ್ರವದು. ಸೊಸೆ ಕಿಟಕಿಗಳನ್ನು ತೆರೆಯುತ್ತಿರುವಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ಮುದುಕಿ ಗಾಬರಿಯಿಂದ ನಿಂತಿದ್ದಳು. ಆಕೆ ಕೊರಿಯದವಳು. ಒಳಗೆ ಇಣುಕಿ, ಹಿಟ್ಟು ಮೆತ್ತಿದ ಕೈಗಳನ್ನು ಕಂಡು ಆಕೆ ನಕ್ಕ ನಗೆಗೆ ಯಾವ ಭಾಷೆಯೂ ಬೇಕಾಗಿರಲಿಲ್ಲ.

ಕೊರಿಯದವರು ಅಮೆರಿಕಕ್ಕೆ ಹಳಬರು. 1903ರ ಜನವರಿ 13ರಂದು 102 ಮಂದಿ 'ಗೇಲಿಕ್' ಎಂಬ ಹಡಗಿನಲ್ಲಿ ಹವಾಯಿಯ ಹೊನೊಲುಲು ಬಂದರಿಗೆ ಬಂದಿಳಿದರು. ಕಬ್ಬಿನ ತೋಟಗಳಲ್ಲಿ ದುಡಿದರು. ಆ ಜನ ಹೋದಲ್ಲೆಲ್ಲ ಹೋದದ್ದು ಕಿಮ್ಚಿ. ಎಲೆಕೋಸಿಗೆ ಉಪ್ಪು ಹಚ್ಚಿ ಬಾಡಿಸಿ, ಕೆಂಪು ಖಾರ, ಬೆಳ್ಳುಳ್ಳಿ, ಶುಂಠಿಗಳ ಮಸಾಲೆಯನ್ನು ಎಲೆಯೆಲೆಗೂ ಬಳಿದು ಹುಳಿಯೇರಲು ಬಿಡುವ ಉಪ್ಪಿನಕಾಯಿಯಿದು. ಚಳಿಗಾಲಕ್ಕೆ ಮುನ್ನ ಮನೆಯವರೂ ನೆರೆಯವರೂ ಕೂಡಿ ಇದನ್ನು ಹಾಕುವ 'ಕಿಮ್ಜಾಂಗ್' ಸಂಪ್ರದಾಯವನ್ನು 2013ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮುದುಕಿಯ ಮನೆಯಲ್ಲಿ ಕಿಮ್ಚಿಗೆಂದೇ ಒಂದು ಪ್ರತ್ಯೇಕ ಫ್ರಿಜ್ ಇತ್ತು. ಈ ಮನೆಯ ಸೊಸೆಯೂ ಜೋಳದ ಹಿಟ್ಟು ಕೆಡದಿರಲೆಂದು ಹಿಮಪೆಟ್ಟಿಗೆಯ ಅರ್ಧವನ್ನು ಅದಕ್ಕೇ ಬಿಟ್ಟಿದ್ದಳೆಂಬುದನ್ನು ಇಲ್ಲಿ ನೆನೆಯಬೇಕು.

ನವೆಂಬರಿನ ಒಂದು ಮುಂಜಾನೆ ಕಿಮ್ಚಿಯ ಭರಣಿಯೊಂದು ಇತ್ತ ಬಂತು. ಬಣ್ಣ ನೋಡಿದರೆ ನಮ್ಮ ಕೆಂಪು ಖಾರವೇ! ಆದರೆ ಅದರಲ್ಲಿ ಸಾಮಾನ್ಯವಾಗಿ ಉಪ್ಪಿನಲ್ಲಿಟ್ಟ ಸಿಗಡಿ, ಮೀನಿನ ರಸ ಇರುತ್ತವೆಂದು ಸೊಸೆ ಹೇಳಿದಾಗ ತಾಯಿಯ ಕೈ ಅಲ್ಲಿಯೇ ನಿಂತಿತು. ಮೀನು ಮುಟ್ಟದ ಮನೆತನ ಅವರದು. ಕೊಟ್ಟದ್ದನ್ನು ಹಿಂದಿರುಗಿಸಿದರೆ ಅವಮಾನ. ಬಚ್ಚಿಟ್ಟು ಚೆಲ್ಲಿದರೆ ಸುಳ್ಳು. ತಾಯಿ ಸುಳ್ಳಿಗೆ ಒಪ್ಪಲಿಲ್ಲ. ಮೊಮ್ಮಗನ ಕೈ ಹಿಡಿದು ತಾನೇ ಪಕ್ಕದ ಮನೆಗೆ ಹೋದಳು.

ಅಲ್ಲಿ ಕುಳಿತವರು ನಾಲ್ವರು: ಇಬ್ಬರು ಅಜ್ಜಿಯರು, ಹನ್ನೊಂದು ವರ್ಷದ ಈ ಹುಡುಗ, ಅವನದೇ ತರಗತಿಯ ಆ ಮನೆಯ ಹುಡುಗಿ. ಕನ್ನಡ ಇಂಗ್ಲಿಷಾಗಿ, ಇಂಗ್ಲಿಷ್ ಕೊರಿಯದ ನುಡಿಯಾಗಿ ಮಾತು ನಡೆಯಿತು. ಈ ಇಬ್ಬರು ಮಕ್ಕಳಿಗೂ ತಮ್ಮ ಊಟದ ಡಬ್ಬಿಯನ್ನು ಶಾಲೆಯಲ್ಲಿ ತೆರೆಯಲು ನಾಚಿಕೆ. ಒಬ್ಬನದಕ್ಕೆ ಶೇಂಗಾ ಹಿಂಡಿಯ ಬೆಳ್ಳುಳ್ಳಿಯ ವಾಸನೆ, ಇನ್ನೊಬ್ಬಳದಕ್ಕೆ ಕಿಮ್ಚಿಯ ಘಾಟು. ಮುದುಕಿ ಎಲ್ಲವನ್ನೂ ಕೇಳಿ ತಲೆದೂಗಿದಳು. ಬೌದ್ಧ ವಿಹಾರಗಳ ಭಿಕ್ಷುಗಳು ಮೀನಿಲ್ಲದೆಯೇ ಕಿಮ್ಚಿ ಹಾಕುವ ಕ್ರಮ ಅವರಲ್ಲಿ ಹಿಂದಿನಿಂದಲೂ ಉಂಟು. ವಾರದೊಳಗೆ ಬೇರೊಂದು ಭರಣಿ ಬಂತು. ಬದಲಿಗೆ ಹತ್ತು ಖಡಕ್ ರೊಟ್ಟಿ ಆಚೆ ಹೋದವು. ಅಡುಗೆಯವಳ ಕೈಯಿಂದ ಇಳಿಯುವ ರುಚಿಗೆ ಕೊರಿಯದವರು 'ಸೊನ್‌ಮತ್' ಎನ್ನುತ್ತಾರಂತೆ. ಅಕ್ಷರಶಃ ಅದು ನಮ್ಮ 'ಕೈರುಚಿ'ಯೇ.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಕಲಬುರಗಿ ಸೀಮೆಯಲ್ಲಿ ಅಂದು ಊರೊಳಗೆ ಯಾರೂ ನಿಲ್ಲುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಹಸಿ ತೊಗರಿ, ಅವರೆ, ಕಡಲೆಗಳನ್ನು ಸೊಪ್ಪಿನೊಡನೆ ಕುದಿಸಿದ ಬಜ್ಜಿ, ಇವನ್ನೆಲ್ಲ ಬಂಡಿಯಲ್ಲಿ ಹೇರಿಕೊಂಡು ಜನ ಹೊಲಕ್ಕೆ ಹೋಗುತ್ತಾರೆ. ಪಾಂಡವರನ್ನು ಪೂಜಿಸಿ, ಬೆಳೆಯ ನಡುವೆ ನಡೆಯುತ್ತ ಅನ್ನವನ್ನು ಎರಚುತ್ತಾರೆ. ಅದು ಚರಗ. ಯುಗಾದಿಯನ್ನು ಸಭಾಂಗಣದಲ್ಲಿ ಆಚರಿಸಬಹುದು. ಇದಕ್ಕೆ ಹೊಲವೇ ಬೇಕು.

ತಾಯಿ ಬೆಳಗಿನಲ್ಲೇ ಬಜ್ಜಿ ಮಾಡಿ, ಬುಟ್ಟಿ ತುಂಬಿ, ಹಿತ್ತಲ ಬಾಗಿಲು ತೆರೆದಳು. ಮಗ ಅಡ್ಡ ಬಂದನು.

"ಯವ್ವಾ, ಇಲ್ಲಿ ಅನ್ನಾ ಚೆಲ್ಲಿದ್ರ ಅಳಿಲು, ಹಕ್ಕಿ ಎಲ್ಲಾ ಬರ್ತಾವ. ಮಂದಿ ಏನಂದಾರು?"

"ಬರ್ಲಿ ಬಿಡು. ನಮ್ಮ ಹೊಲದಾಗ ಚೆಲ್ಲೋದು ಮತ್ತ ಯಾರ ಸಲಾಗಿ ಅಂದಿ?"

ಮಗನಿಗೆ ಉತ್ತರ ತೋಚಲಿಲ್ಲ. ಗಟ್ಟಿಯಾಗಿ ಹೆಪ್ಪುಗಟ್ಟಿದ ನೆಲದ ಮೇಲೆ ತಾಯಿ ಶಾಲು ಹೊದ್ದು ನಡೆದಳು. ಬೇಲಿಯಾಚೆ ನಿಂತಿದ್ದ ಹುಡುಗಿ, ಇದೇನೆಂದು ಕೇಳಿದಳು. ಹುಡುಗನಿಗೆ ಚರಗಕ್ಕೆ ಇಂಗ್ಲಿಷ್ ಮಾತು ಸಿಗಲಿಲ್ಲ. ಕನ್ನಡದಲ್ಲಿಯೂ ಅವನಿಗೆ ಅದರ ಅರ್ಥ ತಿಳಿದಿರಲಿಲ್ಲ. ತಡವರಿಸಿ, "ನೆಲಕ್ಕೆ ಊಟ ಬಡಿಸುವುದು" ಎಂದನು. ಹುಡುಗಿ ಅಜ್ಜಿಗೆ ಅದನ್ನೇ ಹೇಳಿದಳು.

ಮುದುಕಿಯ ಮುಖ ಒಮ್ಮೆಲೇ ಬದಲಾಯಿತು. ಬೇಲಿಯ ಬಾಗಿಲು ತೆರೆದು ಬಂದವಳೇ ಬುಟ್ಟಿಯಿಂದ ರೊಟ್ಟಿಯ ತುಣುಕೊಂದನ್ನು ತೆಗೆದು, "ಗೊಸುರೆ!" ಎಂದು ಕೂಗಿ ದೂರಕ್ಕೆ ಎಸೆದಳು. ಕೊರಿಯದ ಹಳ್ಳಿಗಳಲ್ಲಿ ಹೊಲದ ಊಟಕ್ಕೆ ಕುಳಿತವರು ಮೊದಲ ತುತ್ತನ್ನು ಹೀಗೆ ಕೂಗಿ ನೆಲದ ದೇವತೆಗಳಿಗೆ ಎಸೆಯುವ ಪದ್ಧತಿಯುಂಟು. ತನ್ನ ಅಜ್ಜಿಯ ಬಾಯಲ್ಲಿ ಆ ಮಾತನ್ನು ಮೊಮ್ಮಗಳು ಕೇಳಿದ್ದು ಅದೇ ಮೊದಲು. ಆ ಬಳಿಕ ಬುಟ್ಟಿ ಬರಿದಾಗುವವರೆಗೆ ಮಕ್ಕಳಿಬ್ಬರೂ ಎಸೆದರು. ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಕೊನೆಗೆ ತಾನೂ ಅಂಗಳಕ್ಕಿಳಿದನು.

ಹೊಲದ ಮಾತನ್ನು ಅವನು ಅಂದು ಎತ್ತಲಿಲ್ಲ. ಮಾರ್ಚಿಯಲ್ಲಿ ತಾಯಿಯನ್ನು ವಿಮಾನ ಹತ್ತಿಸುವಾಗಲೂ ಎತ್ತಲಿಲ್ಲ.

ಮುಂದಿನ ಅಕ್ಟೋಬರಿನಲ್ಲಿ ಕೊಳಕೂರದ ಮನೆಯಲ್ಲಿ ಫೋನು ಬಾರಿಸಿತು. ಮೊಮ್ಮಗನ ದನಿ, ಅವಸರದ, ಮುರುಕು ಕನ್ನಡ.

"ಆಯಿ, ಹಿಟ್ಟಿಗೆ ನೀರು ಎಷ್ಟು?"

"ಹಿಟ್ಟು ಕೇಳಿದಷ್ಟು, ನನ್ನಪ್ಪ."

"ಎಷ್ಟು ಕೇಳ್ತದ?"

"ಕೈ ಇಟ್ಟು ನೋಡು, ತಿಳೀತದ."

ಅತ್ತ ಕೊಂಚ ಹೊತ್ತು ಪಟಪಟ ಸದ್ದು. ಅನಂತರ ಮಗ ಫೋನು ತೆಗೆದುಕೊಂಡನು. ಆರೋಗ್ಯ ವಿಚಾರಿಸಿದನು. ಸ್ವಲ್ಪ ತಡೆದು, ಎಷ್ಟೋ ವರ್ಷಗಳಿಂದ ಕೇಳದಿದ್ದುದನ್ನು ಕೇಳಿದನು:

"ಮಳಿ ಹೆಂಗಾಗ್ಯದ ಯವ್ವಾ? ಹೊಲಕ್ಕ ಈ ಸಲ ಏನು ಬಿತ್ತೀರಿ?"

"ಜೋಳ" ಎಂದಳು ತಾಯಿ.