ಸ್ಟೇಜಿಗೆ ಬೆನ್ನು ಹಾಕಿ ನಿಂತವರು

2011ರ ಅಕ್ಟೋಬರ್ 30. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಬೆಂಗಳೂರಿನ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಿತ್ತು. ಅಲ್ಲಿವರೆಗೆ ನಾನು ನೋಡಿದ್ದ ದೊಡ್ಡ ಲೈವ್ ಶೋ ಅಂದ್ರೆ ನಮ್ಮೂರಿನ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ. ಹಾಸ್ಟೆಲ್‌ನಲ್ಲಿ ರೂಮ್‌ಮೇಟ್‌ನ ಪೆನ್‌ಡ್ರೈವ್‌ನಿಂದ ಇಳಿಸಿಕೊಂಡು ನಾಲ್ಕು ವರ್ಷ ಕೇಳಿದ್ದ ಹಾಡುಗಳನ್ನು, ಹಾಡಿದವರ ಬಾಯಿಂದಲೇ ಕೇಳೋ ಯೋಗ ಬಂದಿತ್ತು, ಬಿಡೋದುಂಟಾ?

ಅಮ್ಮ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಅಷ್ಟು ಜನದೊಳಗೆ ಯಾಕೋ ಹೋಗ್ತೀಯಾ? ತುಳಿದಾಕ್ಬಿಟ್ಟಾರು."

ಯಾರೂ ತುಳೀಲಿಲ್ಲ. ಎರಡು ದಿನ ಮುಂಚೆ ಗುರ್‌ಗಾಂವ್‌ನಲ್ಲಿ ಆಗಬೇಕಿದ್ದ ಶೋ ನಡೆಯದೆ, ಸಿಟ್ಟಿಗೆದ್ದ ಜನ ಸ್ಟೇಜಿಗೇ ನುಗ್ಗಿದ್ದರು. ಇಲ್ಲೂ ಹಾಗಾದ್ರೆ ಅಂತ ಹೆದರಿಕೆ ಇತ್ತು, ಆಗಲಿಲ್ಲ. ಅವತ್ತೇ ನಾನು ಮೊದಲ ಸಲ ಮಾಷ್ ಪಿಟ್ ನೋಡಿದ್ದು. ಹುಡುಗರು ಗೂಳಿಗಳ ಹಾಗೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೀತಿದ್ದರು. ದೂರದಿಂದ ನೋಡಿದವರಿಗೆ ಹೊಡೆದಾಟ ಅನ್ನಿಸಬೇಕು. ಆದರೆ ಒಬ್ಬ ಬಿದ್ದ ಅಂದ್ರೆ ಸಾಕು, ನಾಲ್ಕು ಕೈ ಕೆಳಗಿಳಿದು ಅವನನ್ನು ಎತ್ತಿ ನಿಲ್ಲಿಸುತ್ತಿದ್ದವು. ಮೆಟಲ್ ಕೇಳೋರಲ್ಲಿ ಇದು ಬರೆಯದ ಕಾನೂನು. ಇಷ್ಟು ಜನರ ಮಧ್ಯೆ ನಾನು ಸೇಫ್ ಅನ್ನಿಸಿಬಿಟ್ಟಿತು. ಆ ನಂಬಿಕೆ ಮುರಿಯೋಕೆ ಎರಡು ವರ್ಷ ಹಿಡೀತು.

ಅದು ಬೇರೆ ಶೋ, ಹೆಸರು ಬೇಡ. ಆ ಹೊತ್ತಿಗೆ ನಾನು ಟಿಕೆಟ್ ತುಂಡುಗಳನ್ನು ಜೋಪಾನ ಮಾಡೋ 'ಸೀನಿಯರ್ ಫ್ಯಾನ್'. ಗೇಟಿನಲ್ಲಿ ಸೆಕ್ಯುರಿಟಿಯವನು ನನ್ನ ನೀರಿನ ಬಾಟಲಿ ಕಿತ್ತುಕೊಂಡ. ಜೇಬಿನ ಚಿಲ್ಲರೆ ತೆಗೆಸಿದ, ಸ್ಟೇಜಿಗೆ ಎಸೀತಾರಂತೆ. ನನಗೆ ರೇಗಿತು. ಬಸ್ ಕಂಡಕ್ಟರಿಗೂ 'ಅಣ್ಣ' ಅಂದು ಬೆಳೆದವನು ನಾನು, ಅವತ್ತು ಕೊರಳಲ್ಲಿದ್ದ ಕಂಪನಿ ಟ್ಯಾಗು ಮಾತಾಡಿತು. "ಹೂ ಈಸ್ ಯುವರ್ ಮ್ಯಾನೇಜರ್?" ಅಂತ ಕೂಗಾಡಿದೆ. ಅವನು ಮೆತ್ತಗೆ, "ಹಿಂದೆ ಜನ ಇದಾರೆ, ಮುಂದಕ್ಕೋಗಿ ಸಾರ್" ಅಂದ. ಜೊತೆಗಿದ್ದ ಗೆಳೆಯರು ನಕ್ಕರು. ನನಗೂ ಗೆದ್ದ ಹಾಗಾಯ್ತು.

ಬ್ಯಾಂಡ್ ಸ್ಟೇಜಿಗೆ ಬಂದದ್ದೇ ತಡ, ಹಿಂದಿನಿಂದ ಒಂದು ಅಲೆ ಬಂತು. ಆಮೇಲೆ ಇನ್ನೊಂದು. ಮೂರನೆಯದಕ್ಕೆ ನನ್ನ ಕಾಲು ನೆಲ ಬಿಟ್ಟಿತ್ತು. ಕೈಗಳು ಮೈಗಂಟಿಕೊಂಡು ಸಿಕ್ಕಿಹಾಕಿಕೊಂಡವು. ಎದೆ ಬ್ಯಾರಿಕೇಡಿನ ಕಬ್ಬಿಣಕ್ಕೆ ಒತ್ತಿತ್ತು. ಉಸಿರು ಹೊರಗೆ ಹೋಯ್ತು, ಒಳಗೆ ಎಳೆದುಕೊಳ್ಳೋಕೆ ಜಾಗವೇ ಇಲ್ಲ. ಯಾರೂ ನನ್ನನ್ನು ತಳ್ಳುತ್ತಿರಲಿಲ್ಲ, ಯಾರಿಗೂ ನನ್ನ ಮೇಲೆ ಸಿಟ್ಟಿರಲಿಲ್ಲ. ಎರಡು ಮಾರು ದೂರದಲ್ಲಿ ನನ್ನ ಗೆಳೆಯ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದ. ನಾನು ಸಾಯೋಕೆ ಬಿದ್ದಿರೋದು ಅವನಿಗೆ ಗೊತ್ತೇ ಆಗಲಿಲ್ಲ.

ನನ್ನ ಬಾಯಿಂದ ಬಂದದ್ದು "ಅಣ್ಣಾ" ಅಂತ. ಇಂಗ್ಲಿಷ್ ಎಲ್ಲೋ ಓಡಿಹೋಗಿತ್ತು. ದನಿಯೂ ಸರಿಯಾಗಿ ಹೊರಡಲಿಲ್ಲ. ಆದರೂ ಬ್ಯಾರಿಕೇಡಿನ ಆಚೆ ನಿಂತಿದ್ದ ಸೆಕ್ಯುರಿಟಿಯವನೊಬ್ಬ ಕಂಡ. ಕಂಕುಳಿಗೆ ಕೈ ಕೊಟ್ಟು, ಭತ್ತದ ಮೂಟೆ ಎಳೆದ ಹಾಗೆ ಎಳೆದು ಆಚೆ ಹಾಕಿದ. ಪೇಪರ್ ಲೋಟದಲ್ಲಿ ನೀರು ಕೊಟ್ಟು, "ಕೂತ್ಕೊಳಿ ಸಾರ್, ನಿಧಾನಕ್ಕೆ ಉಸಿರಾಡಿ" ಅಂದ. ಥ್ಯಾಂಕ್ಸ್ ಹೇಳೋಣ ಅಂತ ತಲೆ ಎತ್ತುವಷ್ಟರಲ್ಲಿ ಅವನು ಮತ್ತೆ ಜನರ ಕಡೆ ಮುಖ ಮಾಡಿ ನಿಂತಿದ್ದ.

ಗೇಟಿನಲ್ಲಿ ನಾನು ಬೈದದ್ದು ಇವನಿಗೇನಾ? ಇವತ್ತಿಗೂ ಗೊತ್ತಿಲ್ಲ. ಬೈಯುವಾಗ ನಾನು ಮುಖ ನೋಡಿರಲಿಲ್ಲ, ಯೂನಿಫಾರ್ಮ್ ನೋಡಿದ್ದೆ.

ಆಮೇಲೆ ಬಗ್ ಹಿಡಿಯೋನ ಹಾಗೆ ಇದರ ಹಿಂದೆ ಬಿದ್ದು ಓದಿದೆ. ನಮ್ಮ ಪೇಪರುಗಳು 'ಕಾಲ್ತುಳಿತ' ಅಂತ ಬರೀತಾವೆ, ಅಮ್ಮ ಹೆದರಿದ್ದೂ ಅದಕ್ಕೇ. ಆದರೆ ಇಂಥ ಕಡೆ ಸಾಯೋರಲ್ಲಿ ಬಹಳ ಜನ ಸಾಯೋದು ತುಳಿತದಿಂದಲ್ಲ, ಎದೆ ಅದುಮಿ ಉಸಿರುಗಟ್ಟಿ. ನಿಂತಲ್ಲೇ ಸಾಯಬಹುದು. ಒಂದು ಚದರ ಮೀಟರ್ ಜಾಗದಲ್ಲಿ ಐದು ಜನ ದಾಟಿದರೆ ಅಪಾಯ ಶುರು. ಆರೇಳಾದರೆ ಗುಂಪು ನೀರಿನ ಹಾಗೆ ವರ್ತಿಸುತ್ತೆ, ಅಲೆ ಎತ್ತ ಒಯ್ಯುತ್ತೋ ಅತ್ತ ಹೋಗಬೇಕು. 1979ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ದ ಹೂ ಬ್ಯಾಂಡಿನ ಶೋಗೆ ಬಂದ 11 ಜನ ಬಾಗಿಲಲ್ಲೇ ಸತ್ತರು. 2000ದಲ್ಲಿ ಡೆನ್ಮಾರ್ಕಿನ ರೋಸ್ಕಿಲ್ಡೆಯಲ್ಲಿ ಪರ್ಲ್ ಜ್ಯಾಮ್ ನುಡಿಸುತ್ತಿದ್ದಾಗ 9 ಜನ. 2021ರಲ್ಲಿ ಹ್ಯೂಸ್ಟನ್ನಿನ ಆಸ್ಟ್ರೋವರ್ಲ್ಡ್‌ನಲ್ಲಿ 10 ಜನ.

ಮುಂದಿರೋನಿಗೆ ಉಸಿರಿಲ್ಲ ಅನ್ನೋದು ಹಿಂದಿರೋನಿಗೆ ಗೊತ್ತಾಗೋ ದಾರಿಯೇ ಇಲ್ಲ. ಸರ್ವರ್ ಬಿದ್ದಿರೋದು ತಿಳಿಯದೆ ಎಲ್ಲರೂ ರಿಫ್ರೆಶ್ ಒತ್ತುತ್ತಲೇ ಇರೋ ಹಾಗೆ. ಮುಂದಿನವರ ಮುಖ ಕಾಣೋದು ಸ್ಟೇಜಿನ ಮೇಲಿರೋರಿಗೆ, ಇಲ್ಲಾ ಸ್ಟೇಜಿಗೆ ಬೆನ್ನು ಹಾಕಿ ನಿಂತವರಿಗೆ.

ಈ ಕಥೆಯನ್ನು ಊರಲ್ಲಿ ದೊಡ್ಡಪ್ಪನಿಗೆ ಮಾತ್ರ ಹೇಳಿದ್ದೆ. ನಮ್ಮೂರ ಜಾತ್ರೆಯಲ್ಲಿ ತೇರಿನ ಗಾಲಿಗೆ ಮರದ ತುಂಡು ಕೊಡೋದು ಅವರ ಕೆಲಸ. ಸಾವಿರ ಜನ ಮಿಣಿ ಹಿಡಿದು ಎಳೀತಾ ಇದ್ದರೆ, ಇವರು ಗಾಲಿ ಪಕ್ಕದಲ್ಲೇ ಬಗ್ಗಿ ನಡೀತಾ, ಅದು ಅಡ್ಡದಾರಿ ಹಿಡಿಯದ ಹಾಗೆ, ಯಾರ ಕಾಲೂ ಅಡಿಗೆ ಸಿಗದ ಹಾಗೆ ನೋಡಿಕೊಳ್ಳಬೇಕು. ಎಲ್ಲ ಕೇಳಿ ದೊಡ್ಡಪ್ಪ, "ಇಪ್ಪತ್ತೈದು ವರ್ಷ ಆತು ಕಣ್ಮಗ, ತೇರು ಹೊರಟ ಮೇಲೆ ನಾನು ಒಂದಪವೂ ತಲೆ ಎತ್ತಿ ಸ್ವಾಮಿ ಮುಖ ನೋಡಿಲ್ಲ. ಗಾಲಿ ನೋಡೋನು ಗಾಲಿನೇ ನೋಡ್ಬೇಕು" ಅಂದರು.

2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನ ಸತ್ತರಲ್ಲ, ಆ ರಾತ್ರಿ ನಿದ್ದೆ ಬರಲಿಲ್ಲ. ಅವರೂ ಖುಷಿ ಪಡೋಕೆ ಹೋದವರೇ. ಅವರೂ 'ಅಣ್ಣಾ' ಅಂತ ಕೂಗಿರಬೇಕು.

ಶೋಗಳಿಗೆ ಹೋಗೋದು ನಾನು ಬಿಟ್ಟಿಲ್ಲ. ಆದರೆ ಬ್ಯಾರಿಕೇಡಿಗೆ ಅಂಟಿಕೊಳ್ಳೋಲ್ಲ. ಹೊರಹೋಗೋ ದಾರಿ ಮೊದಲೇ ನೋಡಿಟ್ಟುಕೊಳ್ತೀನಿ. ಇಕ್ಕಟ್ಟಾದರೆ ಕೈಗಳನ್ನು ಎದೆ ಮುಂದೆ ಅಡ್ಡ ಹಿಡೀತೀನಿ, ಬಿದ್ದ ಮೊಬೈಲಿಗೆ ಬಗ್ಗೋಲ್ಲ, ಅಲೆಗೆ ಎದುರು ತಳ್ಳದೆ ಅದು ಇಳಿದಾಗ ಓರೆಯಾಗಿ ಪಕ್ಕಕ್ಕೆ ಸರೀತೀನಿ. ನೀವೂ ನೆನಪಿಟ್ಟುಕೊಳ್ಳಿ, ಜಾತ್ರೆಗೂ ಆಗುತ್ತೆ.

ಕಳೆದ ಸಲ ಗೇಟಿನಲ್ಲಿ ಬಾಟಲಿ ನಾನೇ ತೆಗೆದುಕೊಟ್ಟೆ. ಈ ಸಲ ಮುಖ ನೋಡಿದೆ. ಇಪ್ಪತ್ತು ದಾಟಿರದ ಹುಡುಗ, ಯೂನಿಫಾರ್ಮ್ ಅವನಿಗಿಂತ ಎರಡು ಸೈಜು ದೊಡ್ಡದು.

"ಊಟ ಆಯ್ತೇನಪ್ಪಾ?" ಅಂದೆ.

ಗಾಬರಿಯಿಂದ ಒಂದು ಕ್ಷಣ ನೋಡಿದ. "ಇಲ್ಲ ಸಾರ್. ನೀವೆಲ್ಲ ಹೋದ್ಮೇಲೆ."