ಆ ಒಂದು ‘ಅನ್‌ಲೆಸ್’

ಕಳೆದ ಬೇಸಿಗೆಯಲ್ಲಿ ಒಂದು ದಿನ ಮಗಳು ಕಾರ್ಕಳದಿಂದ ಫೋನ್ ಮಾಡಿದಳು. “ಅಪ್ಪ, ನೀವು ಒಮ್ಮೆ ಬಂದು ಹೋಗಿ. ಇಲ್ಲಿ ಅಪ್ಪನೂ ಮಗಳೂ ಮಾತು ಬಿಟ್ಟಿದ್ದಾರೆ” ಎಂದಳು. ಕಾಪುವಿನಿಂದ ಪಡುಬಿದ್ರಿಗೆ ಒಂದು ಬಸ್ಸು, ಅಲ್ಲಿಂದ ಬೆಳ್ಮಣ್ ಮೇಲಾಗಿ ಕಾರ್ಕಳಕ್ಕೆ ಇನ್ನೊಂದು. ಎಪ್ಪತ್ತೈದರ ಮಂಡಿಗೆ ಎರಡು ಬಸ್ಸು ಹತ್ತುವುದು ಸಣ್ಣ ಕೆಲಸವಲ್ಲ. ಆದರೂ ಭಾನುವಾರ ಬೆಳಿಗ್ಗೆ ಹೊರಟೆ.

ವಿಷಯ ಇಷ್ಟೇ. ಮೊಮ್ಮಗಳು ಕಾಮರ್ಸ್‌ನಲ್ಲಿ ಒಳ್ಳೆಯ ಅಂಕ ತೆಗೆದು ದ್ವಿತೀಯ ಪಿಯುಸಿ ಪಾಸಾಗಿದ್ದಾಳೆ. ಇನ್ನು ಬಿ.ಕಾಂ. ಎಂದು ಮನೆಯವರೆಲ್ಲ ಅಂದುಕೊಂಡಿದ್ದರೆ ಅವಳು “ನಾನು ಬಿ.ಎ. ಸೇರಿ ಇಂಗ್ಲಿಷ್ ಸಾಹಿತ್ಯ ಓದುತ್ತೇನೆ” ಎಂದು ಕೂತಿದ್ದಾಳೆ.

“ಮಾವ, ಇಂಗ್ಲಿಷ್ ಓದಿ ಎಂತ ಮಾಡುವುದು? ಮಣಿಪಾಲದಲ್ಲಿ ರಿಕ್ಷಾದವರೂ ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾರೆ. ಅದಕ್ಕೆ ಡಿಗ್ರಿ ಬೇಕಾ? ನೀವು ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ದುಡಿದವರು. ನೀವೇ ಹೇಳಿ” ಎಂದರು ಅಳಿಯ.

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕರಾವಳಿ ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1925ರಲ್ಲಿ ಮತ್ತೆ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದವು. ಬಿ.ಕಾಂ. ಮಾಡಿದರೆ ಬ್ಯಾಂಕು, ಬ್ಯಾಂಕು ಸೇರಿದರೆ ಮದುವೆ, ಮದುವೆಯಾದರೆ ಮನೆ. ಇದೇ ನಮ್ಮ ಕಾಲದ ಲೆಕ್ಕ.

ನಾನು ಉಡುಪಿಯಲ್ಲಿ ಬಿ.ಕಾಂ. ಓದಿದ್ದು 1968ರಿಂದ 1971ರವರೆಗೆ. ಅದೇ ವರ್ಷಗಳಲ್ಲಿ ಕವಿ ಗೋಪಾಲಕೃಷ್ಣ ಅಡಿಗರು ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿದ್ದರು. ಕುಂದಾಪುರ ಕಡೆಯ ಮೊಗೇರಿಯವರು, ಕಲಿಸುತ್ತಿದ್ದದ್ದು ಇಂಗ್ಲಿಷ್, ಬರೆಯುತ್ತಿದ್ದದ್ದು ಕನ್ನಡ. ನಾವು ಕಾಮರ್ಸ್ ಹುಡುಗರಿಗೆ ಅದರ ಬೆಲೆ ಎಲ್ಲಿ ಗೊತ್ತು? ಇಂಗ್ಲಿಷ್ ಓದುವವರನ್ನು ಕಂಡರೆ “ನಿಮ್ಮ ಶೇಕ್ಸ್‌ಪಿಯರ್ ಎಷ್ಟು ಪರ್ಸೆಂಟ್ ಬಡ್ಡಿ ಕೊಡ್ತಾನೆ?” ಎಂದು ತಮಾಷೆ ಮಾಡುತ್ತಿದ್ದೆವು.

ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ಬ್ಯಾಂಕಿನ ಕೌಂಟರಿನಲ್ಲಿ. ಅಂದು ಆ ಕಥೆಯನ್ನೇ ಅಳಿಯನಿಗೆ ಹೇಳಿದೆ.

1984ರ ಮಳೆಗಾಲ. ನಾನಿದ್ದ ಶಾಖೆಗೆ ಮೀನು ಮಾರುವ ಹೆಂಗಸೊಬ್ಬರು ಬಂದರು. ಬೊಂಬಾಯಿಯಲ್ಲಿ ಕೆಲಸಕ್ಕಿದ್ದ ಗಂಡ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಅವರ ಕೈಯಲ್ಲಿ ಇಂಗ್ಲಿಷಿನ ಟೈಪು ಮಾಡಿದ ಕಾಗದ. “ಇದರಲ್ಲಿ ಎಂತ ಉಂಟು ಅಂತ ಸ್ವಲ್ಪ ಓದಿ ಹೇಳಿ” ಎಂದು ತುಳುವಿನಲ್ಲಿ ಕೇಳಿದರು. ಕೌಂಟರಿನ ಮುಂದೆ ಉದ್ದದ ಸಾಲು. ಕಣ್ಣು ಹಾಯಿಸಿದೆ. ಹಣ, ಪಾವತಿ, 30 ದಿನ ಎಂಬ ಅರ್ಥದ ಶಬ್ದಗಳು ಕಂಡವು. “ಮೂವತ್ತು ದಿನದೊಳಗೆ ಹಣ ಬರುತ್ತದೆ ಅಕ್ಕ, ಚಿಂತೆ ಬೇಡ” ಎಂದು ಧೈರ್ಯವಾಗಿ ಹೇಳಿ ಕಳಿಸಿದೆ. ಅವರು ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ನಗುತ್ತಾ ಹೋದರು.

ಮೂರು ವಾರ ಕಳೆದು ಪುನಃ ಬಂದರು. ನಾನು ಊಟಕ್ಕೆ ಎದ್ದಿದ್ದೆ. ಹೊಸದಾಗಿ ಸೇರಿದ್ದ ಸಹೋದ್ಯೋಗಿಯೊಬ್ಬರು ಕಾಗದ ತೆಗೆದುಕೊಂಡರು. ಅವರು ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿದವರು. ಬ್ಯಾಲೆನ್ಸ್ ಶೀಟ್ ಓದಲು ಬರುವುದಿಲ್ಲ ಎಂದು ನಾವು ಅವರನ್ನು ಛೇಡಿಸುತ್ತಿದ್ದೆವು. ಅವರು ಕಾಗದವನ್ನು ಎರಡು ಸಲ ಓದಿ, “ಇದರ ಒಟ್ಟಿಗೆ ಒಂದು ಫಾರ್ಮ್ ಬಂದಿತ್ತಲ್ಲ, ಅದೆಲ್ಲಿ?” ಎಂದು ಕೇಳಿದರು.

ಆ ಉದ್ದ ವಾಕ್ಯದ ತಿರುಳು ಇಷ್ಟು: “ದಿ ಅಮೌಂಟ್ ವಿಲ್ ನಾಟ್ ಬಿ ಪೇಯ್ಡ್ ಅನ್‌ಲೆಸ್ ದಿ ಎನ್‌ಕ್ಲೋಸ್ಡ್ ಫಾರ್ಮ್ ರೀಚಸ್ ಅಸ್ ವಿದಿನ್ 30 ಡೇಸ್.” ಹಣ ತಾನಾಗಿ ಬರುವುದಿಲ್ಲ, ಫಾರ್ಮ್ 30 ದಿನದೊಳಗೆ ಅವರ ಕೈಸೇರಿದರೆ ಮಾತ್ರ ಬರುತ್ತದೆ. ಉಳಿದದ್ದು ಎಂಟೇ ದಿನ!

ಫಾರ್ಮ್ ಅವರ ಮನೆಯಲ್ಲಿ ದೇವರ ಪಟದ ಹಿಂದೆ ಇತ್ತು. ಸಂಜೆಯೊಳಗೆ ತಂದರು. ಆ ಸಹೋದ್ಯೋಗಿಯೇ ಕೂತು ತುಂಬಿಸಿ, ಹೆಬ್ಬೆಟ್ಟು ಹಾಕಿಸಿ, ಮರುದಿನ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ಹಣ ಬಂತು. ಬಾರದೇ ಇರುತ್ತಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವರು ನನ್ನನ್ನು ಹೀಯಾಳಿಸಲಿಲ್ಲ. “ನಾಟ್ ಮತ್ತು ಅನ್‌ಲೆಸ್ ಒಟ್ಟಿಗೆ ಬಂದರೆ ಸ್ವಲ್ಪ ನಿಲ್ಲಬೇಕು ಮಾರಾಯ್ರೇ. ಕಾಲೇಜಿನಲ್ಲಿ ನಮ್ಮನ್ನು ಒಂದೊಂದು ಸಾಲಿನಲ್ಲಿ ಒಂದೊಂದು ಗಂಟೆ ನಿಲ್ಲಿಸುತ್ತಿದ್ದರು” ಎಂದರು, ಅಷ್ಟೇ. ಮುಂದೆ ಅವರು ಪರೀಕ್ಷೆ ಬರೆದು ಆಫೀಸರರಾದರು. ಶಾಖೆಗಳಿಗೆಲ್ಲ ಸುತ್ತೋಲೆ ಬರೆಯುವ ಕೆಲಸ ಸಿಕ್ಕಿತು. ಬ್ಯಾಲೆನ್ಸ್ ಶೀಟನ್ನು ಆರು ತಿಂಗಳಲ್ಲಿ ಕಲಿತಿದ್ದರು. ಅವರ ಹಾಗೆ ಓದುವುದನ್ನು ನಾನು ಮೂವತ್ತೆಂಟು ವರ್ಷದಲ್ಲೂ ಪೂರ್ತಿ ಕಲಿಯಲಿಲ್ಲ.

ಕಥೆ ಮುಗಿಸಿ ಅಳಿಯನಿಗೆ ಹೇಳಿದೆ: “ರಿಕ್ಷಾದವರ ಇಂಗ್ಲಿಷ್ ಅವರ ಹೊಟ್ಟೆಪಾಡಿಗೆ ಸಾಕು, ಅದಕ್ಕೆ ನನ್ನ ನಮಸ್ಕಾರ ಉಂಟು. ಆದರೆ ಮಾತಾಡುವುದು ಬೇರೆ, ಬರೆದದ್ದನ್ನು ಸರಿಯಾಗಿ ಓದುವುದು ಬೇರೆ. ಕಾಲೇಜಿನಲ್ಲಿ ಕಲಿಸುವುದು ಎರಡನೆಯದನ್ನು.”

“ಈಗ ಮೊಬೈಲೇ ಅನುವಾದ ಮಾಡುತ್ತದಲ್ಲ ಮಾವ?”

“ಮಾಡುತ್ತದೆ. ಅದು ತಪ್ಪಿದರೆ ತಪ್ಪಿದೆ ಎಂದು ಹೇಳಲು ಓದಿದವರು ಬೇಕಲ್ಲ?”

ಅಷ್ಟು ಹೊತ್ತಿಗೆ ಮೊಮ್ಮಗಳ ಮುಖ ಅರಳಿತ್ತು. ಅವಳಿಗೂ ಎರಡು ಮಾತು ಹೇಳಲೇಬೇಕಿತ್ತು.

“ನೋಡು ಮಗಾ, ನರ್ಸಿಂಗ್ ಓದಿದವರಿಗೆ ಆಸ್ಪತ್ರೆಯ ಬಾಗಿಲು ನೇರ ಕಾಣುತ್ತದೆ. ಇಂಗ್ಲಿಷ್ ಬಿ.ಎ.ಗೆ ಅಂಥ ಒಂದು ಬಾಗಿಲಿಲ್ಲ, ಸಣ್ಣ ಸಣ್ಣ ಬಾಗಿಲು ಹಲವು ಉಂಟು. ಪ್ರತಿಯೊಂದಕ್ಕೂ ಇನ್ನೊಂದು ಮೆಟ್ಟಿಲು ಹತ್ತಬೇಕು. ಬಿ.ಎಡ್. ಮಾಡಿದರೆ ಹೈಸ್ಕೂಲು. ಎಂ.ಎ. ಮಾಡಿ ನೆಟ್ ಅಥವಾ ಕೆ-ಸೆಟ್ ಪಾಸಾದರೆ ಕಾಲೇಜು. ಮೂರು ವರ್ಷ ಕಾನೂನು ಓದಿದರೆ ವಕೀಲಿ. ಅದಕ್ಕೆ ಉಡುಪಿಯಲ್ಲೇ ವೈಕುಂಠ ಬಾಳಿಗಾ ಕಾಲೇಜು ಇದೆ. ಬ್ಯಾಂಕ್ ಆಫೀಸರ್ ಪರೀಕ್ಷೆಯನ್ನು ಯಾವ ಪದವೀಧರರೂ ಬರೆಯಬಹುದು, ಅದರಲ್ಲಿ ಇಂಗ್ಲಿಷಿಗೂ ಅಂಕ ಉಂಟು. 1970ರಲ್ಲಿ ಮಣಿಪಾಲದಲ್ಲಿ ‘ಉದಯವಾಣಿ’ ಶುರುವಾಯಿತು. ಇಂಗ್ಲಿಷಿನಲ್ಲಿ ಬರುವ ಸುದ್ದಿಯನ್ನು ಕನ್ನಡಕ್ಕೆ ತರುವವರು ಇಲ್ಲದೆ ಕನ್ನಡ ಪತ್ರಿಕೆ ನಡೆದೀತಾ? ಯಾವ ಮೆಟ್ಟಿಲು ಎಂದು ಎರಡನೇ ವರ್ಷದೊಳಗೆ ನಿಶ್ಚಯ ಮಾಡು. ಸುಮ್ಮನೆ ಡಿಗ್ರಿ ಹಿಡಿದು ಕೂತರೆ ನಿನ್ನ ಅಪ್ಪ ಹೇಳಿದ್ದೇ ನಿಜವಾಗುತ್ತದೆ.

“ಎರಡನೆಯದು, ಕನ್ನಡ ಬಿಡಬೇಡ, ತುಳುವನ್ನೂ ಬಿಡಬೇಡ. ಅಡಿಗರು, ಗೋಕಾಕರು, ಅನಂತಮೂರ್ತಿ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ. ಅವರು ಹೆಸರು ಮಾಡಿದ್ದು ಕನ್ನಡದಲ್ಲಿ. ಅಂದು ಆ ಸಹೋದ್ಯೋಗಿಗೆ ಇಂಗ್ಲಿಷ್ ಮಾತ್ರ ಬರುತ್ತಿದ್ದರೆ ಆ ಹೆಂಗಸಿಗೆ ವಿಷಯ ತಿಳಿಸುವುದು ಹೇಗೆ?”

ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗಳು ಎಲ್ಲ ಕೇಳುತ್ತಿದ್ದಳು. ಮೆಲ್ಲಗೆ, “1996ರಲ್ಲಿ ನಾನೂ ಇದನ್ನೇ ಕೇಳಿದ್ದೆ ಅಪ್ಪ” ಎಂದಳು.

ನನಗೆ ಮಾತು ಹೊರಡಲಿಲ್ಲ. ನಿಜ, ಕೇಳಿದ್ದಳು. ಆ ಕಾಗದದ ಘಟನೆ ನಡೆದು ಹನ್ನೆರಡು ವರ್ಷವಾಗಿತ್ತು, ಎಲ್ಲ ಗೊತ್ತಿತ್ತು. ಆದರೂ “ಬೇಡ, ಬಿ.ಕಾಂ. ಸೇರು” ಎಂದಿದ್ದೆ. ಪರರ ವಿಷಯದಲ್ಲಿ ಕಲಿತ ಪಾಠ ಸ್ವಂತ ಮಗಳ ವಿಷಯಕ್ಕೆ ಬಂದಾಗ ಹೆದರಿಕೆಯಲ್ಲಿ ಮುಚ್ಚಿಹೋಗಿತ್ತು.

“ತಪ್ಪಾಯಿತು ಮಗಳೇ” ಎಂದೆ. ಅವಳು ನಕ್ಕು, “ಹೋಗಲಿ, ಊಟಕ್ಕೆ ಏಳಿ” ಎಂದಳು. ಆದರೆ ಆ ನಗುವಿನಲ್ಲಿ ಕಣ್ಣು ಒದ್ದೆಯಾಗಿತ್ತು.

ಊಟವಾದ ಮೇಲೆ ಮೊಮ್ಮಗಳು ಕ್ಯಾಲೆಂಡರಿನ ಹಳೆಯ ಹಾಳೆ ತಂದಳು. ಅದರ ಹಿಂದೆ ಆ ‘ಅನ್‌ಲೆಸ್’ ವಾಕ್ಯ ಬರೆದುಕೊಟ್ಟೆ. ಅವಳು, ಅವಳಮ್ಮ, ಅಳಿಯ ಮೂವರೂ ಬೇರೆ ಬೇರೆ ಕೂತು ಅದನ್ನು ಕನ್ನಡಕ್ಕೆ ತಂದರು. ಮೂರೂ ಸರಿಯಾಗಿದ್ದವು. ಎಲ್ಲಕ್ಕಿಂತ ಚಂದದ್ದು ಮಗಳದು. ಅಳಿಯ ಅದನ್ನು ಎರಡು ಸಲ ಓದಿ, “ಅರ್ಜಿ ಹಾಕಲು ಕಡೇ ದಿನ ಯಾವಾಗ?” ಎಂದು ಮಗಳನ್ನು ಕೇಳಿದರು.

ಮಕ್ಕಳೇ, ನೀವೂ ಆ ವಾಕ್ಯವನ್ನು ಕನ್ನಡದಲ್ಲಿ ಬರೆದು ನಿಮ್ಮ ಅಜ್ಜ ಅಜ್ಜಿಗೆ ತೋರಿಸಿ. ಅಜ್ಜಂದಿರೇ, ಮೊಮ್ಮಕ್ಕಳು ಏನು ಓದಬೇಕೆಂದು ತೀರ್ಪು ಕೊಡುವ ಮೊದಲು ನಾವೂ ಒಮ್ಮೆ ನಿಂತು ಓದೋಣ.